ಅಂಗೋಲಾ: ಆರಿಸಿ ಕೂರಿಸಿದವರ ಮೇಲೇ ಯಾಕೆ ತಿರುಗಿಬಿದ್ದರು?

ಪ್ರಶ್ನೆ: 2025ರ ಮೇ ತಿಂಗಳಲ್ಲಿ ಅಂಗೋಲಾದ ಅಧ್ಯಕ್ಷ ಜೊವಾವೊ ಲೊರೆನ್ಸೊ ದಿಲ್ಲಿಗೆ ಬಂದಿದ್ದರು. ಆಗ ಅವರ ಬಗ್ಗೆ ಸ್ವಲ್ಪ ಓದಿದೆ. ಹಳೆಯ ಅಧ್ಯಕ್ಷರೇ ಇವರನ್ನು ಆರಿಸಿ ಕೂರಿಸಿದರಂತೆ. ಕೂತ ಎರಡೇ ತಿಂಗಳಿಗೆ ಇವರು ಅವರ ಮಗಳನ್ನು ಹುದ್ದೆಯಿಂದ ತೆಗೆದರಂತೆ, ಮಗನನ್ನು ಜೈಲಿಗೆ ಹಾಕಿಸಿದರಂತೆ. 38 ವರ್ಷ ಆಳಿದವರಿಗೆ ಇಷ್ಟು ಬೇಗ ಹಿಡಿತ ತಪ್ಪಿದ್ದು ಹೇಗೆ? 2027ಕ್ಕೆ ಇವರೂ ಇಳಿಯಬೇಕಂತೆ, ಇಳೀತಾರಾ? ನನ್ನ ತಮ್ಮ ಲುವಾಂಡದ ಒಂದು ಹೋಲ್‌ಸೇಲ್ ಅಂಗಡಿಯಲ್ಲಿ ಲೆಕ್ಕ ನೋಡಿಕೊಳ್ಳುತ್ತಾನೆ. ಮನೆಯವರಿಗೆಲ್ಲ ಆತಂಕ. ದಯವಿಟ್ಟು ಬಿಡಿಸಿ ಹೇಳಿ. (ದಾವಣಗೆರೆಯ ಓದುಗರು)

ಉತ್ತರ: ನೀವು ಓದಿದ್ದು ಹೆಚ್ಚುಕಡಿಮೆ ಸರಿ. ಮಗಳು ಇಸಾಬೆಲ್ ಡಾಸ್ ಸಾಂಟೋಸ್ ಹುದ್ದೆ ಕಳೆದುಕೊಂಡಿದ್ದು ಎರಡು ತಿಂಗಳ ಒಳಗೇ. ಮಗ ಜೋಸೆ ಫಿಲೊಮೆನೊ ಬಂಧನವಾಗಿದ್ದು ಮಾತ್ರ 2018ರ ಸೆಪ್ಟೆಂಬರ್‌ನಲ್ಲಿ, ಲೊರೆನ್ಸೊ ಅಧಿಕಾರಕ್ಕೆ ಬಂದು ವರ್ಷ ತುಂಬುವ ಹೊತ್ತಿಗೆ.

ಇದನ್ನು ದ್ರೋಹದ ಕಥೆಯಾಗಿ ಹೇಳುವವರೇ ಜಾಸ್ತಿ. ನನಗೆ ಹಾಗೆ ಅನಿಸುವುದಿಲ್ಲ. ಅಂಗೋಲಾದಲ್ಲಿ ಅಧಿಕಾರವೆಲ್ಲ ಅಧ್ಯಕ್ಷರ ಕುರ್ಚಿಯಲ್ಲೇ ಇದೆ. ಆ ಕುರ್ಚಿಯನ್ನು ಅಷ್ಟು ಬಲವಾಗಿ ಮಾಡಿಸಿಕೊಂಡವರು ಹಳೆಯ ಅಧ್ಯಕ್ಷ ಜೋಸೆ ಎಡ್ವಾರ್ಡೊ ಡಾಸ್ ಸಾಂಟೋಸ್ ಅವರೇ. ತಾವು ಎದ್ದ ಮೇಲೂ ಅದರ ಬಲ ತಮ್ಮ ಜೊತೆ ಬರುತ್ತದೆ ಅಂದುಕೊಂಡರು. ಬರಲಿಲ್ಲ. ನಿಮ್ಮ ಎರಡನೇ ಪ್ರಶ್ನೆಗೆ ಉತ್ತರವೂ ಇದರಲ್ಲೇ ಇದೆ. ಲೊರೆನ್ಸೊ ಆ ಕುರ್ಚಿಯನ್ನು ಚೆನ್ನಾಗಿ ಬಳಸಿಕೊಂಡರು, ಅದರ ಬಲವನ್ನು ಮಾತ್ರ ಕಡಿಮೆ ಮಾಡಲಿಲ್ಲ. ಹಾಗಾಗಿ ಈಗ ಎದ್ದು ಹೋಗುವ ಸರದಿ ಅವರದಾದಾಗ ಅದೇ ಭಯ ಅವರ ಮುಂದೆಯೂ ನಿಂತಿದೆ.

ಹಿನ್ನೆಲೆಯನ್ನು ಬೇಗ ಹೇಳಿಬಿಡುತ್ತೇನೆ. ಪೋರ್ಚುಗಲ್‌ನ ಹಿಡಿತದಲ್ಲಿದ್ದ ಅಂಗೋಲಾಕ್ಕೆ ಸ್ವಾತಂತ್ರ್ಯ ಬಂದಿದ್ದು 1975ರ ನವೆಂಬರ್ 11ರಂದು. ಅದರ ಬೆನ್ನಿಗೇ ಅಂತರ್ಯುದ್ಧ. ರಾಜಧಾನಿ ಲುವಾಂಡವನ್ನು ಹಿಡಿದಿದ್ದ ಎಂಪಿಎಲ್‌ಎ ಪಕ್ಷಕ್ಕೆ ಸೋವಿಯತ್ ಒಕ್ಕೂಟ ಮತ್ತು ಕ್ಯೂಬಾ ಬೆಂಬಲ ಕೊಟ್ಟವು. ಜೊನಾಸ್ ಸವಿಂಬಿ ಅವರ ಎದುರಾಳಿ ಪಕ್ಷ ಯುನಿಟಾಕ್ಕೆ ಅಮೆರಿಕ ಮತ್ತು ವರ್ಣಭೇದ ಕಾಲದ ದಕ್ಷಿಣ ಆಫ್ರಿಕಾ. ಮೊದಲ ಅಧ್ಯಕ್ಷ ಅಗೊಸ್ಟಿನೊ ನೆಟೊ 1979ರಲ್ಲಿ ಮಾಸ್ಕೋದಲ್ಲಿ ತೀರಿಕೊಂಡರು. ಅವರ ಜಾಗಕ್ಕೆ ಬಂದವರು ಡಾಸ್ ಸಾಂಟೋಸ್. ಆಗ ಅವರಿಗೆ 37 ವರ್ಷ. ಬಾಕುವಿನಲ್ಲಿ ತೈಲ ಎಂಜಿನಿಯರಿಂಗ್ ಓದಿ ಬಂದವರು, ಮಾತು ಕಡಿಮೆ. ಪಕ್ಷದ ದೊಡ್ಡ ತಲೆಗಳ ನಡುವೆ ಇವರಿಂದ ಯಾರಿಗೂ ತೊಂದರೆ ಇಲ್ಲ ಅನ್ನಿಸುವಂಥ ಮನುಷ್ಯ. ಅಂಥವರು 38 ವರ್ಷ ಕೂತರು.

1992ರಲ್ಲಿ ಒಂದು ಚುನಾವಣೆ ನಡೆಯಿತು. ಅದನ್ನು ಸ್ವಲ್ಪ ಗಮನಿಸಿ, ಮುಂದಿನದಕ್ಕೆಲ್ಲ ಅದು ಬೇಕಾಗುತ್ತದೆ. ದೇಶದ ಅಧ್ಯಕ್ಷ ಯಾರಾಗಬೇಕು ಎಂದು ಅಂಗೋಲಾದ ಜನ ನೇರವಾಗಿ ವೋಟು ಹಾಕಿದ್ದು ಅದೊಂದೇ ಸಲ. ಡಾಸ್ ಸಾಂಟೋಸ್‌ಗೆ ಶೇ. 49.57, ಸವಿಂಬಿಗೆ ಶೇ. 40.07. ಅರ್ಧಕ್ಕಿಂತ ಜಾಸ್ತಿ ಯಾರಿಗೂ ಬಾರದೆ ಎರಡನೇ ಸುತ್ತು ಆಗಬೇಕಿತ್ತು. ಸವಿಂಬಿ ಮೋಸ ಆಗಿದೆ ಅಂದರು, ಲುವಾಂಡದ ಬೀದಿಗಳಲ್ಲಿ ಯುನಿಟಾದವರ ಕೊಲೆಗಳಾದವು, ಮತ್ತೆ ಯುದ್ಧ ಶುರುವಾಯಿತು. ಎರಡನೇ ಸುತ್ತು ನಡೆಯಲೇ ಇಲ್ಲ. 2002ರ ಫೆಬ್ರವರಿಯಲ್ಲಿ ಸವಿಂಬಿ ಸೈನಿಕರ ಗುಂಡಿಗೆ ಸತ್ತರು. ಏಪ್ರಿಲ್‌ನಲ್ಲಿ ಶಾಂತಿ ಒಪ್ಪಂದವಾಯಿತು. 27 ವರ್ಷದ ಯುದ್ಧ ಅಲ್ಲಿಗೆ ಮುಗಿಯಿತು.

ಆಮೇಲೆ ತೈಲದ ಹಣ ಹೊಳೆಯಂತೆ ಬಂತು. ಚೀನಾದ ಸಾಲ ಬಂತು. ರಸ್ತೆ, ರೈಲು, ಬಹುಮಹಡಿ ಕಟ್ಟಡಗಳು ಎದ್ದವು. ಲುವಾಂಡ ಹೊರದೇಶದವರಿಗೆ ಜಗತ್ತಿನ ಅತಿ ದುಬಾರಿ ನಗರಗಳಲ್ಲಿ ಒಂದಾಯಿತು. ಅದೇ ನಗರದ ಬಡವರ ಬಡಾವಣೆಗಳಲ್ಲಿ ನಲ್ಲಿ ನೀರಿಲ್ಲ, ಟ್ಯಾಂಕರ್ ನೀರು ಕೊಳ್ಳಬೇಕು. ಯುದ್ಧ ಗೆದ್ದ ಪಕ್ಷ ಎಂಬ ಹೆಸರಿನ ಮೇಲೆ 2008ರ ಸಂಸತ್ ಚುನಾವಣೆಯಲ್ಲಿ ಎಂಪಿಎಲ್‌ಎಗೆ ಶೇ. 81 ವೋಟು ಬಂತು. 220 ಸೀಟುಗಳಲ್ಲಿ 191 ಅದಕ್ಕೇ.

ಸಂವಿಧಾನವನ್ನು ಬೇಕಾದ ಹಾಗೆ ಬರೆಯಲು ಅಷ್ಟು ಸಾಕಿತ್ತು. 2010ರ ಫೆಬ್ರವರಿಯಲ್ಲಿ ಹೊಸ ಸಂವಿಧಾನ ಜಾರಿಗೆ ಬಂತು. ನಿಮ್ಮ ಪ್ರಶ್ನೆಯ ಗಂಟು ಇರುವುದು ಅದರಲ್ಲೇ. ಆದ್ದರಿಂದ ಇಲ್ಲಿ ಸ್ವಲ್ಪ ನಿಧಾನವಾಗಿ ನೋಡೋಣ.

ಆ ಸಂವಿಧಾನ ಅಧ್ಯಕ್ಷರ ನೇರ ಚುನಾವಣೆಯನ್ನೇ ತೆಗೆದುಹಾಕಿತು. ಈಗ ಮತದಾರರಿಗೆ ಸಿಗುವುದು ಒಂದೇ ಮತಪತ್ರ. ಅದರಲ್ಲಿ ಪಕ್ಷವನ್ನು ಆರಿಸುತ್ತಾರೆ. ಯಾವ ಪಕ್ಷಕ್ಕೆ ಹೆಚ್ಚು ವೋಟು ಬರುತ್ತದೋ ಆ ಪಕ್ಷದ ಅಭ್ಯರ್ಥಿಗಳ ರಾಷ್ಟ್ರೀಯ ಪಟ್ಟಿಯ ಮೊದಲ ಹೆಸರು ಅಧ್ಯಕ್ಷ, ಎರಡನೇ ಹೆಸರು ಉಪಾಧ್ಯಕ್ಷ. ಅರ್ಧಕ್ಕಿಂತ ಜಾಸ್ತಿ ಬರಬೇಕೆಂಬ ನಿಯಮವಿಲ್ಲ, ಎರಡನೇ ಸುತ್ತೂ ಇಲ್ಲ. ಉಳಿದವರಿಗಿಂತ ಒಂದು ವೋಟು ಜಾಸ್ತಿ ಬಂದರೆ ಆಯಿತು. ನಮ್ಮಲ್ಲಿ ಶಾಸಕರು ಸೇರಿ ಮುಖ್ಯಮಂತ್ರಿಯನ್ನು ಆರಿಸುತ್ತಾರೆ, ಬೇಡವಾದರೆ ಇಳಿಸುತ್ತಾರೆ. ಅಲ್ಲಿ ಆ ದಾರಿಯೂ ಇಲ್ಲ. ಸಂಸತ್ತು ಅವಿಶ್ವಾಸ ಮತ ಹಾಕಿ ಅಧ್ಯಕ್ಷರನ್ನು ಇಳಿಸಲು ಆಗುವುದಿಲ್ಲ. ಗಂಭೀರ ಅಪರಾಧದ ಆರೋಪ ಹೊರಿಸಿ, ಮೂರನೇ ಎರಡರಷ್ಟು ಬಹುಮತ ತಂದು, ನ್ಯಾಯಾಲಯದವರೆಗೂ ಹೋಗಬೇಕು. 2023ರಲ್ಲಿ ಯುನಿಟಾ ಅದಕ್ಕೂ ಪ್ರಯತ್ನಿಸಿತು. ಅಕ್ಟೋಬರ್‌ನಲ್ಲಿ ಸಂಸತ್ತು ಆರಂಭದಲ್ಲೇ ತಳ್ಳಿಹಾಕಿತು.

ಪ್ರಧಾನಿ ಹುದ್ದೆಯನ್ನೂ ಅದೇ ಸಂವಿಧಾನ ರದ್ದು ಮಾಡಿತು. ಮಂತ್ರಿಗಳು ಅಧ್ಯಕ್ಷರ ಸಹಾಯಕರು ಮಾತ್ರ. ಪ್ರಾಂತ್ಯಗಳ ಗವರ್ನರ್‌ಗಳನ್ನು ನೇಮಿಸುವುದು ಅಧ್ಯಕ್ಷರು. ಸೇನೆ, ಪೊಲೀಸ್, ಗುಪ್ತಚರ ಮುಖ್ಯಸ್ಥರು, ಕೇಂದ್ರ ಬ್ಯಾಂಕಿನ ಗವರ್ನರ್, ಪ್ರಾಸಿಕ್ಯೂಟರ್ ಜನರಲ್, ಮೇಲಿನ ಕೋರ್ಟುಗಳ ನ್ಯಾಯಾಧೀಶರ ನೇಮಕ, ಎಲ್ಲಕ್ಕೂ ಅವರ ಸಹಿ ಬೇಕು. ಸರ್ಕಾರಿ ತೈಲ ಕಂಪನಿ ಸೊನಾಂಗೋಲ್‌ಗೆ ಯಾರು ಮುಖ್ಯಸ್ಥರಾಗಬೇಕು ಎನ್ನುವುದೂ ಅವರ ಕೈಯಲ್ಲೇ. ದೇಶದ ರಫ್ತಿನಲ್ಲಿ ಬಹುಪಾಲು ತೈಲವೇ ಆದ್ದರಿಂದ ಸೊನಾಂಗೋಲ್ ಕೈಯಲ್ಲಿದ್ದರೆ ಖಜಾನೆ ಕೈಯಲ್ಲಿದ್ದ ಹಾಗೆ.

ಇಷ್ಟೆಲ್ಲ ಕೊಟ್ಟ ಸಂವಿಧಾನ ಒಂದು ಮಿತಿಯನ್ನೂ ಹಾಕಿತು. ಐದು ವರ್ಷದ ಎರಡೇ ಅವಧಿ. ಲೆಕ್ಕ ಶುರುವಾಗುವುದು 2012ರಿಂದ. ಹಾಗಾಗಿ ಡಾಸ್ ಸಾಂಟೋಸ್ ಬೇಕಿದ್ದರೆ 2022ರವರೆಗೂ ಕೂರಬಹುದಿತ್ತು.

ಹಾಗಿದ್ದೂ 2017ರಲ್ಲಿ ಯಾಕೆ ಎದ್ದರು? ಮುಖ್ಯವಾಗಿ ಆರೋಗ್ಯ ಕೈಕೊಟ್ಟಿತ್ತು. ಚಿಕಿತ್ಸೆಗೆಂದು ಬಾರ್ಸಿಲೋನಾಕ್ಕೆ ಹೋಗಿ ಬರುತ್ತಿದ್ದರು. 2014ರ ಮಧ್ಯದಲ್ಲಿ ಬ್ಯಾರೆಲ್‌ಗೆ 100 ಡಾಲರ್ ದಾಟಿದ್ದ ತೈಲ 2016ರ ಆರಂಭಕ್ಕೆ 30 ಡಾಲರ್‌ಗಿಂತ ಕೆಳಗೆ ಬಿತ್ತು. ಡಾಲರ್ ಸಿಗುವುದು ಕಷ್ಟವಾಗಿತ್ತು, ಆಮದು ಕುಸಿದಿತ್ತು. ಯುದ್ಧ ನೋಡದ ಹೊಸ ಪೀಳಿಗೆಗೆ ಹಳೆಯ ಗೆಲುವಿನ ಹೆಸರು ಸಾಕಾಗುತ್ತಿರಲಿಲ್ಲ. 2015ರಲ್ಲಿ ಒಂದು ಪುಸ್ತಕವನ್ನು ಓದಿ ಚರ್ಚೆ ಮಾಡಲು ಸೇರಿದ್ದ ಯುವಕರನ್ನು ಹಿಡಿದು, ದಂಗೆಗೆ ತಯಾರಿ ಮಾಡುತ್ತಿದ್ದರು ಎಂದು ಕೇಸು ಹಾಕಿದರು. ಸರ್ಕಾರಕ್ಕೆ ಎಷ್ಟು ದಿಗಿಲಾಗಿತ್ತು ಎನ್ನುವುದು ಅದರಲ್ಲೇ ಗೊತ್ತಾಗುತ್ತದೆ.

ಎದ್ದು ಹೋಗುವ ಮುಂಚೆ ಅವರು ಬೇಲಿ ಹಾಕಿಕೊಂಡ ರೀತಿ ನೋಡಿ. ಮಗ ಜೋಸೆ ಫಿಲೊಮೆನೊ, ಅಲ್ಲಿ ಎಲ್ಲರೂ ಕರೆಯುವುದು ಝೆನು ಎಂದು, 2013ರಿಂದಲೇ 500 ಕೋಟಿ ಡಾಲರ್‌ನ ಸರ್ಕಾರಿ ಹೂಡಿಕೆ ನಿಧಿಗೆ ಮುಖ್ಯಸ್ಥ. 2016ರ ಜೂನ್‌ನಲ್ಲಿ ಮಗಳು ಇಸಾಬೆಲ್ ಸೊನಾಂಗೋಲ್‌ಗೆ ಮುಖ್ಯಸ್ಥೆಯಾದರು. ಸರ್ಕಾರಿ ಟಿವಿಯ ಎರಡನೇ ಚಾನೆಲ್ ನಡೆಸುವ ಗುತ್ತಿಗೆ ಇನ್ನಿಬ್ಬರು ಮಕ್ಕಳ ಕಂಪನಿಗೆ. 2017ರ ಜುಲೈನಲ್ಲಿ, ಚುನಾವಣೆಗೆ ಒಂದು ತಿಂಗಳಿದ್ದಾಗ, ಹೊಸ ಅಧ್ಯಕ್ಷರು ಸೇನೆ, ಪೊಲೀಸ್, ಗುಪ್ತಚರ ಮುಖ್ಯಸ್ಥರನ್ನು ಎಂಟು ವರ್ಷ ಸುಲಭವಾಗಿ ಬದಲಾಯಿಸಲಾಗದಂತೆ ಒಂದು ಕಾನೂನು ಪಾಸಾಯಿತು. ಇವೆಲ್ಲಕ್ಕಿಂತ ಮುಖ್ಯವಾಗಿ, ದೇಶದ ಅಧ್ಯಕ್ಷ ಸ್ಥಾನ ಬಿಟ್ಟರೂ ಪಕ್ಷದ ಅಧ್ಯಕ್ಷ ಸ್ಥಾನವನ್ನು ತಮ್ಮಲ್ಲೇ ಇಟ್ಟುಕೊಂಡರು. ಸರ್ಕಾರ ಅವರದು, ಹೈಕಮಾಂಡ್ ನಾನು ಎಂಬ ಲೆಕ್ಕ. ಈ ಏರ್ಪಾಡನ್ನು ಅಂಗೋಲಾದ ಪತ್ರಿಕೆಗಳು 'ಬಿಸೆಫಾಲಿಯಾ' ಅಂದವು, ಎರಡು ತಲೆಯ ಆಳ್ವಿಕೆ.

ಉತ್ತರಾಧಿಕಾರಿಯ ಆಯ್ಕೆಯಲ್ಲೂ ಲೆಕ್ಕವಿತ್ತು. ಮೊದಲು ಎಲ್ಲರ ಕಣ್ಣಿದ್ದದ್ದು ಸೊನಾಂಗೋಲ್‌ನಲ್ಲಿದ್ದು 2012ರಲ್ಲಿ ಉಪಾಧ್ಯಕ್ಷರಾದ ಮನುಯೆಲ್ ವಿಸೆಂಟೆ ಅವರ ಮೇಲೆ. ಪಕ್ಷದ ಹಳಬರಿಗೆ ಅವರು ಹಿಡಿಸಲಿಲ್ಲ. ಅವರು ಯುದ್ಧ ಮಾಡಿದವರಲ್ಲ, ಪಕ್ಷ ಕಟ್ಟಿದವರೂ ಅಲ್ಲ. ಕೊನೆಗೆ ಬಂದ ಹೆಸರು ಜೊವಾವೊ ಲೊರೆನ್ಸೊ. ಲೊಬಿಟೊ ಬಂದರಿನ ಊರಿನಲ್ಲಿ 1954ರಲ್ಲಿ ಹುಟ್ಟಿದವರು. ಸೋವಿಯತ್ ಒಕ್ಕೂಟದಲ್ಲಿ ಸೈನಿಕ ಶಿಕ್ಷಣ ಪಡೆದ ಜನರಲ್. ಪಕ್ಷದ ಪ್ರಧಾನ ಕಾರ್ಯದರ್ಶಿಯಾಗಿದ್ದವರು.

ಇವರಿಗೆ ಒಂದು ಹಳೆಯ ಗಾಯವೂ ಇತ್ತು. 2001ರಲ್ಲಿ ಡಾಸ್ ಸಾಂಟೋಸ್ ತಾವು ಮುಂದೆ ಸ್ಪರ್ಧಿಸುವುದಿಲ್ಲ ಅಂದಿದ್ದರು. ಲೊರೆನ್ಸೊ ಆ ಮಾತನ್ನು ನಿಜ ಎಂದು ನಂಬಿ, ಮುಂದಿನವರು ತಾವಾಗಬಹುದು ಎಂಬ ಆಸೆ ತೋರಿಸಿಬಿಟ್ಟರು. 2003ರಲ್ಲಿ ಕಾರ್ಯದರ್ಶಿ ಹುದ್ದೆ ಹೋಯಿತು. ಹತ್ತು ವರ್ಷಕ್ಕೂ ಜಾಸ್ತಿ ಕಾಲ ಸಂಸತ್ತಿನ ಒಂದು ಹುದ್ದೆಯಲ್ಲಿ ಸುಮ್ನೆ ಕೂತಿದ್ದರು. 2014ರಲ್ಲಿ ರಕ್ಷಣಾ ಮಂತ್ರಿ ಮಾಡಿ ಮತ್ತೆ ಕರೆತಂದರು. ಒಮ್ಮೆ ಪೆಟ್ಟು ತಿಂದವರು ಇನ್ನು ತಲೆ ಎತ್ತುವುದಿಲ್ಲ ಎಂದು ಡಾಸ್ ಸಾಂಟೋಸ್ ಅಂದುಕೊಂಡಿರಬೇಕು. ನನ್ನ ಪ್ರಕಾರ ಆ ವರ್ಷಗಳಲ್ಲಿ ಲೊರೆನ್ಸೊ ಕಲಿತದ್ದು ಬೇರೆಯೇ ಪಾಠ. ಕುರ್ಚಿ ಸಿಗುವವರೆಗೆ ಬಾಯಿ ಬಿಡಬಾರದು, ಸಿಕ್ಕಮೇಲೆ ತಡ ಮಾಡಬಾರದು.

2017ರ ಸೆಪ್ಟೆಂಬರ್ 26ರಂದು ಪ್ರಮಾಣವಚನ. ನವೆಂಬರ್ 15ಕ್ಕೆ ಇಸಾಬೆಲ್ ವಜಾ. ಅದೇ ತಿಂಗಳು ಟಿವಿ ಗುತ್ತಿಗೆ ರದ್ದು. ಅದೇ ತಿಂಗಳು ಪೊಲೀಸ್ ಮುಖ್ಯಸ್ಥರು ಮತ್ತು ಸೇನಾ ಗುಪ್ತಚರ ಮುಖ್ಯಸ್ಥರು ಕೂಡ ಹೋದರು. ಎಂಟು ವರ್ಷದ ಆ ಕಾನೂನು ಲೊರೆನ್ಸೊ ಕೂತ ಮೇಲೆ ಎಂಟು ವಾರವೂ ನಿಲ್ಲಲಿಲ್ಲ. 2018ರ ಜನವರಿಯಲ್ಲಿ ಝೆನು ಹೂಡಿಕೆ ನಿಧಿಯಿಂದ ಹೊರಗೆ. ದಿನಕ್ಕೊಂದು ವಜಾ ಆದೇಶ ನೋಡಿ ಜನ ಅವರಿಗೆ 'ದಯೆಯಿಲ್ಲದೆ ಕಿತ್ತುಹಾಕುವವರು' ಎಂದು ಹೆಸರಿಟ್ಟರು. ಅದು ಹೊಗಳಿಕೆಯೇ ಆಗಿತ್ತು. ಆ ದಿನಗಳಲ್ಲಿ ಲುವಾಂಡದ ಜನಕ್ಕೆ ಅವರ ಮೇಲಿದ್ದ ಭರವಸೆ ನಿಜವಾದದ್ದು. ಹಿಂದೆ ಸರ್ಕಾರದ ಕಣ್ಣಿಗೆ ಶತ್ರುವಾಗಿದ್ದ ಪತ್ರಕರ್ತ ರಫಾಯೆಲ್ ಮಾರ್ಕೆಸ್ ಅವರನ್ನು 2018ರ ಡಿಸೆಂಬರ್‌ನಲ್ಲಿ ಅಧ್ಯಕ್ಷರ ಅರಮನೆಗೆ ಕರೆಸಿ ಮಾತಾಡಿದರು. ಅದಕ್ಕೂ ಮುಂಚೆ ಯಾರೂ ಊಹಿಸಲಾಗದ ವಿಷಯ ಅದು.

ಪಕ್ಷದವರು ಹಳೆಯ ನಾಯಕರ ಬೆನ್ನಿಗೆ ಯಾಕೆ ನಿಲ್ಲಲಿಲ್ಲ ಎಂದು ನೀವು ಕೇಳಬಹುದು. ಹುದ್ದೆ, ಗುತ್ತಿಗೆ, ವರ್ಗಾವಣೆ, ಮಕ್ಕಳ ಸ್ಕಾಲರ್‌ಶಿಪ್, ಎಲ್ಲವೂ ಬರುವುದು ಅಧ್ಯಕ್ಷರ ಕಚೇರಿಯಿಂದ. ಪಕ್ಷದ ಅಧ್ಯಕ್ಷರ ಕೈಯಲ್ಲಿ ಕೊಡುವುದಕ್ಕೆ ಏನೂ ಉಳಿದಿರಲಿಲ್ಲ. ಇನ್ನೊಂದು ಕಾರಣವೂ ಇದೆ, ಅದನ್ನು ಕಡೆಗಣಿಸಬಾರದು. ಮುಂಚೆ ತೈಲದ ಹಣ ಜನರಲ್‌ಗಳಿಗೆ, ಹಳೆಯ ಹೋರಾಟಗಾರರಿಗೆ, ಪಕ್ಷದ ಮನೆತನಗಳಿಗೆ ಹಂಚಿಕೆಯಾಗುತ್ತಿತ್ತು. ಕೊನೆಯ ವರ್ಷಗಳಲ್ಲಿ ದೊಡ್ಡ ಪಾಲು ಒಂದೇ ಕುಟುಂಬಕ್ಕೆ ಹೋಗುತ್ತಿದೆ ಎಂಬ ಸಿಟ್ಟು ಪಕ್ಷದ ಒಳಗೇ ಬೆಳೆದಿತ್ತು. ಇಸಾಬೆಲ್ ಸೊನಾಂಗೋಲ್‌ಗೆ ಬಂದಾಗ ಅದು ಮಿತಿ ಮೀರಿತು. ಹಾಗಾಗಿ ಲೊರೆನ್ಸೊ ಕೈ ಹಾಕಿದಾಗ ತಡೆಯಲು ಯಾರೂ ಬರಲಿಲ್ಲ. 2018ರ ಸೆಪ್ಟೆಂಬರ್ 8ರ ವಿಶೇಷ ಅಧಿವೇಶನದಲ್ಲಿ ಪಕ್ಷದ ಅಧ್ಯಕ್ಷ ಸ್ಥಾನವೂ ಲೊರೆನ್ಸೊಗೆ ಬಂತು. ಎರಡು ತಲೆಯ ಆಳ್ವಿಕೆ ಒಂದು ವರ್ಷ ಕೂಡ ನಡೆಯಲಿಲ್ಲ. ಎರಡು ವಾರ ಕಳೆದು ಝೆನು ಬಂಧನವಾಯಿತು. ಈ ಎರಡು ತಾರೀಖುಗಳನ್ನು ಒಟ್ಟಿಗೆ ಇಟ್ಟು ನೋಡಿ. ಪಕ್ಷ ಪೂರ್ತಿ ಕೈಗೆ ಬಂದ ಮೇಲೇ ಮಗನ ಬಂಧನ.

ಝೆನು ಮೇಲಿನ ಕೇಸು ಏನು? 2017ರಲ್ಲಿ ಅಧಿಕಾರ ಬದಲಾಗುವ ಹೊತ್ತಿಗೆ ಅಂಗೋಲಾದ ಕೇಂದ್ರ ಬ್ಯಾಂಕಿನಿಂದ 50 ಕೋಟಿ ಡಾಲರ್ ಲಂಡನ್ನಿನ ಒಂದು ಖಾತೆಗೆ ಹೋಯಿತು. ದೊಡ್ಡ ಹೂಡಿಕೆ ನಿಧಿ ತರುವ ಯೋಜನೆಗೆ ಎಂದು ಕಾರಣ ಹೇಳಿದ್ದರು. ಬ್ರಿಟನ್ನಿನಲ್ಲಿ ಅನುಮಾನ ಬಂದು ಹಣ ತಡೆದರು, ಅದು ವಾಪಸ್ ಬಂತು. ತಮ್ಮ ಒಪ್ಪಿಗೆಯಿಂದಲೇ ಆಗಿದ್ದು ಎಂದು ಅಪ್ಪ ಕೋರ್ಟಿಗೆ ಪತ್ರ ಬರೆದರು. ಹಾಗಿದ್ದೂ 2020ರ ಆಗಸ್ಟ್‌ನಲ್ಲಿ ಝೆನುಗೆ ಐದು ವರ್ಷ, ಕೇಂದ್ರ ಬ್ಯಾಂಕಿನ ಹಳೆಯ ಗವರ್ನರ್‌ಗೆ ಎಂಟು ವರ್ಷ ಶಿಕ್ಷೆಯಾಯಿತು. 2024ರಲ್ಲಿ ಸಾಂವಿಧಾನಿಕ ನ್ಯಾಯಾಲಯ ಆ ತೀರ್ಪಿನಲ್ಲಿ ಆರೋಪಿಗಳ ಹಕ್ಕಿಗೆ ಧಕ್ಕೆಯಾಗಿದೆ ಎಂದಿತು. ಅದೇ ವರ್ಷದ ಕೊನೆಗೆ ಲೊರೆನ್ಸೊ ಅವರೇ ಝೆನುಗೆ ಕ್ಷಮಾದಾನ ಕೊಟ್ಟರು.

ಇಸಾಬೆಲ್ ಕಥೆ ಇನ್ನೂ ಮುಗಿದಿಲ್ಲ. 2019ರ ಕೊನೆಗೆ ಲುವಾಂಡದ ಕೋರ್ಟು ಅವರ ಆಸ್ತಿಗಳನ್ನು ತಡೆಹಿಡಿಯಿತು. 2020ರ ಜನವರಿಯಲ್ಲಿ ಹಲವು ದೇಶಗಳ ಪತ್ರಕರ್ತರು ಸೇರಿ ಅವರ ವ್ಯವಹಾರದ ದಾಖಲೆಗಳನ್ನು ಹೊರಗೆ ತಂದರು. ಅದರ ಬಿಸಿ ತಟ್ಟಿದ್ದು ಪೋರ್ಚುಗಲ್‌ಗೆ. ಅಲ್ಲಿನ ಬ್ಯಾಂಕ್, ಟೆಲಿಕಾಂ, ವಿದ್ಯುತ್ ಉಪಕರಣದ ಕಂಪನಿಗಳಲ್ಲಿ ಅವರ ಪಾಲಿತ್ತು. ಎಫಾಸೆಕ್ ಎಂಬ ಕಂಪನಿಯಲ್ಲಿದ್ದ ಅವರ ಪಾಲನ್ನು ಪೋರ್ಚುಗಲ್ ಸರ್ಕಾರ ಜುಲೈನಲ್ಲಿ ರಾಷ್ಟ್ರೀಕರಣ ಮಾಡಿತು. 2024ರಲ್ಲಿ ಬ್ರಿಟನ್ ಅವರ ಮೇಲೆ ನಿರ್ಬಂಧ ಹಾಕಿತು. ಇಸಾಬೆಲ್ ಎಲ್ಲ ಆರೋಪವನ್ನೂ ಅಲ್ಲಗಳೆಯುತ್ತಾರೆ, ಇದು ರಾಜಕೀಯ ಬೇಟೆ ಅನ್ನುತ್ತಾರೆ.

ಅಪ್ಪ 2019ರಲ್ಲಿ ಬಾರ್ಸಿಲೋನಾಕ್ಕೆ ಹೋಗಿ ನೆಲೆಸಿದರು. 2021ರಲ್ಲಿ ಒಮ್ಮೆ ಬಂದು ಹೋದರು. 2022ರ ಜುಲೈ 8ರಂದು ಅಲ್ಲೇ ತೀರಿಕೊಂಡರು. ಶವಕ್ಕಾಗಿ ಮಕ್ಕಳ ಒಂದು ಗುಂಪು ಮತ್ತು ಪತ್ನಿಯ ನಡುವೆ ಸ್ಪೇನ್ ಕೋರ್ಟಿನಲ್ಲಿ ಜಗಳವಾಯಿತು. ಲುವಾಂಡದಲ್ಲಿ ಸರ್ಕಾರಿ ಗೌರವದ ಅಂತ್ಯಕ್ರಿಯೆ ನಡೆದದ್ದು ಆಗಸ್ಟ್ 28ರಂದು, ಅವರ 80ನೇ ಹುಟ್ಟುಹಬ್ಬದ ದಿನ. ಮತದಾನ ನಡೆದು ನಾಲ್ಕೇ ದಿನವಾಗಿತ್ತು. ಇಸಾಬೆಲ್ ಬರಲಿಲ್ಲ. ರಾಜಕೀಯವಾಗಿ ಏನೇ ಹೇಳಿ, ಒಬ್ಬ ಮನುಷ್ಯನ ಸಾವು ಹೀಗೆ ಚುನಾವಣೆಯ ನಡುವೆ ಎಳೆದಾಡಿಹೋಗಿದ್ದು ಬೇಸರದ ವಿಷಯ.

ಲೊರೆನ್ಸೊ ಮಾಡಿದ್ದು ಭ್ರಷ್ಟಾಚಾರದ ವಿರುದ್ಧದ ಹೋರಾಟವೋ, ಸೇಡೋ? ಎರಡೂ ಇತ್ತು ಎಂದು ನನ್ನ ಅನಿಸಿಕೆ. ಲೂಟಿ ನಿಜವಾಗಿ ಆಗಿತ್ತು, ಅದಕ್ಕೆ ಕೈ ಹಾಕಲು ಧೈರ್ಯ ಬೇಕಿತ್ತು. ಆದರೆ ಎಲ್ಲರ ಮೇಲೆ ಒಂದೇ ಅಳತೆ ಬೀಳಲಿಲ್ಲ. ಮನುಯೆಲ್ ವಿಸೆಂಟೆ ಅವರ ಮೇಲೆ ಪೋರ್ಚುಗಲ್‌ನಲ್ಲಿ ಲಂಚದ ಕೇಸಿತ್ತು. ಅದನ್ನು ಅಂಗೋಲಾಕ್ಕೇ ವರ್ಗಾಯಿಸಬೇಕು ಎಂದು ಲೊರೆನ್ಸೊ ಸರ್ಕಾರ ಪಟ್ಟು ಹಿಡಿಯಿತು. ಎರಡು ದೇಶಗಳ ಸಂಬಂಧವೇ ಕೆಟ್ಟಿತು. 2018ರ ಮೇ ತಿಂಗಳಲ್ಲಿ ಲಿಸ್ಬನ್‌ನ ಕೋರ್ಟು ಒಪ್ಪಿ ಕಳಿಸಿಕೊಟ್ಟಿತು. ಡಾಸ್ ಸಾಂಟೋಸ್ ಮಕ್ಕಳ ವಿಷಯದಲ್ಲಿ ಕಂಡ ಅವಸರ ಆಮೇಲೆ ಆ ಕೇಸಿನಲ್ಲಿ ಕಾಣಲಿಲ್ಲ. ಪೋರ್ಚುಗೀಸ್ ಮಾತಾಡುವ ಇನ್ನೊಂದು ದೇಶ ಮೊಜಾಂಬಿಕ್‌ನಲ್ಲೂ ಹೀಗೇ ಆಯಿತು. 2015ರವರೆಗೆ ಅಧ್ಯಕ್ಷರಾಗಿದ್ದ ಗೆಬುಜಾ ಅವರ ಮಗನಿಗೆ, ಅವರದೇ ಪಕ್ಷದ ಮುಂದಿನ ಸರ್ಕಾರದ ಕಾಲದಲ್ಲಿ, 2022ರಲ್ಲಿ 12 ವರ್ಷ ಶಿಕ್ಷೆಯಾಯಿತು. ಪಕ್ಷ ಬದಲಾಗದೆ ನಾಯಕ ಮಾತ್ರ ಬದಲಾಗುವ ಕಡೆ, ಹಿಂದಿನವರ ಮನೆಯವರನ್ನು ಹಿಡಿಯುವುದೇ ಹೊಸಬರು ತಮ್ಮ ಗುರುತು ಮೂಡಿಸುವ ಸುಲಭದ ದಾರಿ.

ಲೊರೆನ್ಸೊ ಅವರ ಮೇಲೆ ನನ್ನ ದೊಡ್ಡ ದೂರು ಇದಕ್ಕಿಂತ ಬೇರೆ. ಕುರ್ಚಿಯ ಬಲ ಕಡಿಮೆ ಮಾಡುವ ಅವಕಾಶ ಅವರ ಕೈಯಲ್ಲಿತ್ತು. 2017ರಲ್ಲಿ ಅವರ ಪಕ್ಷಕ್ಕೆ 150 ಸೀಟುಗಳಿದ್ದವು. ಸಂವಿಧಾನ ತಿದ್ದಲು ಬೇಕಾದ್ದು 147. ಜನ ಜೊತೆಗಿದ್ದರು. ನೇರ ಚುನಾವಣೆ ವಾಪಸ್ ತರಬಹುದಿತ್ತು. 2021ರಲ್ಲಿ ಸಂವಿಧಾನ ತಿದ್ದಿದರೂ ಅದನ್ನು ಮುಟ್ಟಲಿಲ್ಲ. ಅಂಗೋಲಾದಲ್ಲಿ ಇವತ್ತಿಗೂ ಚುನಾಯಿತ ಪಂಚಾಯಿತಿ ಇಲ್ಲ, ಪುರಸಭೆ ಇಲ್ಲ, ಮೇಯರ್ ಇಲ್ಲ. ಲುವಾಂಡದಂಥ ಮಹಾನಗರವನ್ನು ನಡೆಸುವುದು ಅಧ್ಯಕ್ಷರು ನೇಮಿಸಿದ ಗವರ್ನರ್. ಸ್ಥಳೀಯ ಚುನಾವಣೆ 2020ಕ್ಕೆ ಎಂದು ಮಾತು ಕೊಟ್ಟಿದ್ದರು. ಅದು ನಡೆಯಲಿಲ್ಲ. ನಡೆದಿದ್ದರೆ ಚರಂಡಿಗೆ, ನೀರಿಗೆ, ಕಸಕ್ಕೆ ಜನ ಯಾರನ್ನು ಕೇಳಬೇಕು ಎನ್ನುವುದಾದರೂ ಗೊತ್ತಿರುತ್ತಿತ್ತು. ಅದರ ಬದಲು 2024ರಲ್ಲಿ ಪ್ರಾಂತ್ಯಗಳನ್ನು 18ರಿಂದ 21ಕ್ಕೆ ಏರಿಸಿದರು. ಅಂದರೆ ಅಧ್ಯಕ್ಷರು ನೇಮಿಸುವ ಗವರ್ನರ್‌ಗಳು ಇನ್ನೂ ಮೂವರು.

ಜನ ಇದನ್ನು ಗಮನಿಸದೆ ಇಲ್ಲ. ಎಂಪಿಎಲ್‌ಎ ವೋಟು 2008ರಲ್ಲಿ ಶೇ. 81, 2012ರಲ್ಲಿ 71, 2017ರಲ್ಲಿ 61, 2022ರಲ್ಲಿ 51. ಪ್ರತಿ ಚುನಾವಣೆಗೆ ಸುಮಾರು ಹತ್ತು ಇಳಿದಿದೆ. ಯುನಿಟಾ 16 ಸೀಟುಗಳಿಂದ 90ಕ್ಕೆ ಬಂದಿದೆ. 2022ರಲ್ಲಿ ಲುವಾಂಡವನ್ನೇ ಗೆದ್ದಿತು. ಸೋಲೊಪ್ಪದೆ ಕೋರ್ಟಿಗೂ ಹೋಯಿತು. ಕೋರ್ಟು ಅರ್ಜಿ ತಳ್ಳಿಹಾಕಿತು. ಅರ್ಧಕ್ಕಿಂತ ಜಾಸ್ತಿ ಮತದಾರರು ಆ ಸಲ ಮತಗಟ್ಟೆಗೇ ಹೋಗಲಿಲ್ಲ.

ಈಗ 2027ಕ್ಕೆ ಬರೋಣ. ಲೊರೆನ್ಸೊ ಅವರ ಎರಡನೇ ಅವಧಿ ಮುಗಿಯುತ್ತದೆ. ಮೂರನೆಯದಕ್ಕೆ ಸಂವಿಧಾನ ಬಿಡುವುದಿಲ್ಲ. ತಿದ್ದಲು 147 ವೋಟು ಬೇಕು, ಪಕ್ಷದ ಬಳಿ ಇರುವುದು 124. ವಿರೋಧ ಪಕ್ಷಗಳಿಂದ 23 ಜನ ಬರಬೇಕು, ಅದು ತೀರಾ ಕಷ್ಟ. ಹಾಗಾಗಿ ಅಧ್ಯಕ್ಷ ಹುದ್ದೆಯಿಂದ ಇಳೀತಾರೆ ಎಂದೇ ನನ್ನ ಅಂದಾಜು. ಅಧಿಕಾರದಿಂದ ಇಳೀತಾರಾ ಎಂಬುದು ಮಾತ್ರ ಬೇರೆ ಪ್ರಶ್ನೆ. 2024ರ ಡಿಸೆಂಬರ್‌ನಲ್ಲಿ ಎಂಪಿಎಲ್‌ಎ ವಿಶೇಷ ಅಧಿವೇಶನ ತನ್ನ ನಿಯಮಗಳನ್ನು ಬದಲಿಸಿತು. ಪಕ್ಷದ ಅಧ್ಯಕ್ಷರೇ ದೇಶದ ಅಧ್ಯಕ್ಷ ಸ್ಥಾನದ ಅಭ್ಯರ್ಥಿ ಆಗಬೇಕಿಲ್ಲ ಎಂಬ ದಾರಿ ತೆರೆಯಿತು. ಅಂದರೆ ಸರ್ಕಾರಕ್ಕೆ ಒಬ್ಬರನ್ನು ಕಳಿಸಿ, ಹೈಕಮಾಂಡ್ ತಾವೇ ಆಗಿ ಉಳಿಯಬಹುದು. 2017ರಲ್ಲಿ ಡಾಸ್ ಸಾಂಟೋಸ್ ಮಾಡಿದ್ದು ಇದನ್ನೇ ಅಲ್ವಾ? ಅದು ವರ್ಷ ಕೂಡ ಬಾಳದಂತೆ ಮಾಡಿದವರು ಲೊರೆನ್ಸೊ ಅವರೇ. ಮುಂದೆ ಬರುವವರ ಕೈಗೂ ಸಿಗುವುದು 2010ರ ಅದೇ ಕುರ್ಚಿ, ಅದೇ ಸಹಿಯ ಬಲ. ಅವರು ಸುಮ್ಮನಿರುತ್ತಾರೆ ಎಂದು ನಂಬಲು ನನಗೆ ಒಂದು ಕಾರಣವೂ ಕಾಣುವುದಿಲ್ಲ.

ಪಕ್ಷದ ಸಾಮಾನ್ಯ ಮಹಾಧಿವೇಶನ ನಿಗದಿಯಾಗಿರುವುದು 2026ರ ಡಿಸೆಂಬರ್‌ಗೆ. ನಿಜವಾದ ಚುನಾವಣೆ ಅದೇ ಎಂದು ತಿಳಿಯಿರಿ. ಪಟ್ಟಿಯ ಮೊದಲ ಹೆಸರು ಯಾರದು ಎಂಬುದನ್ನು ಪಕ್ಷದ ಒಳಗಿನವರೇ ತೀರ್ಮಾನಿಸುತ್ತಾರೆ. ಯುನಿಟಾ ಕಡೆಯನ್ನೂ ನೋಡಬೇಕು. ಅದರ ನಾಯಕ ಅಡಾಲ್ಬರ್ಟೊ ಕೋಸ್ಟಾ ಜೂನಿಯರ್ ಅವರಿಗೆ ಪಟ್ಟಣದ ಯುವಕರ ಬೆಂಬಲ ಚೆನ್ನಾಗಿದೆ. ಆದರೆ 2022ರಲ್ಲಿ ಅವರ ಪಟ್ಟಿಯ ಎರಡನೇ ಹೆಸರಾಗಿದ್ದ ಅಬೆಲ್ ಶಿವುಕುವುಕು ಅವರ ಪಕ್ಷಕ್ಕೆ ಈಗ ಪ್ರತ್ಯೇಕ ಮಾನ್ಯತೆ ಸಿಕ್ಕಿದೆ. ಎರಡನೇ ಸುತ್ತು ಇಲ್ಲದ ಕಡೆ ವಿರೋಧದ ವೋಟು ಒಡೆದರೆ ಲಾಭ ಯಾರಿಗೆ ಎಂದು ನಿಮಗೆ ಬಿಡಿಸಿ ಹೇಳಬೇಕಿಲ್ಲ. ಎಂಪಿಎಲ್‌ಎ ಶೇ. 50ಕ್ಕಿಂತ ಕೆಳಗೆ ಬಿದ್ದರೂ ಅಧ್ಯಕ್ಷ ಸ್ಥಾನ ಉಳಿಸಿಕೊಳ್ಳಬಹುದು. ನನಗೆ ಜಾಸ್ತಿ ಚಿಂತೆ ಇರುವುದೂ ಅದರ ಬಗ್ಗೆಯೇ. ಬಹುಮತದ ಜನ ಬೇಡ ಅಂದ ಮೇಲೂ ಪೂರ್ತಿ ಅಧಿಕಾರ ಒಬ್ಬರ ಕೈಗೆ ಹೋದರೆ, ಜನ ಅದನ್ನು ಬೀದಿಯಲ್ಲಿ ಕೇಳುತ್ತಾರೆ.

ಹೊರಗೆ ಲೊರೆನ್ಸೊ ಅವರ ಹೆಸರು ದೊಡ್ಡದಾಗಿಯೇ ಇದೆ. 2024ರ ಡಿಸೆಂಬರ್‌ನಲ್ಲಿ ಬೈಡನ್ ಅಂಗೋಲಾಕ್ಕೆ ಬಂದರು, ಅಮೆರಿಕದ ಅಧ್ಯಕ್ಷರೊಬ್ಬರು ಅಲ್ಲಿಗೆ ಹೋಗಿದ್ದು ಅದೇ ಮೊದಲು. ಲೊಬಿಟೊ ಬಂದರಿನಿಂದ ಕಾಂಗೋ ಗಣಿಗಳ ಕಡೆ ಹೋಗುವ ರೈಲು ದಾರಿಯ ಮೇಲೆ ಅಮೆರಿಕದ ಕಣ್ಣಿದೆ. 2025ರಲ್ಲಿ ಲೊರೆನ್ಸೊ ಆಫ್ರಿಕನ್ ಒಕ್ಕೂಟದ ಅಧ್ಯಕ್ಷರೂ ಆದರು. ನೀವು ಹೇಳಿದ ದಿಲ್ಲಿ ಭೇಟಿ 38 ವರ್ಷಗಳ ನಂತರ ಅಂಗೋಲಾ ಅಧ್ಯಕ್ಷರೊಬ್ಬರು ಭಾರತಕ್ಕೆ ಬಂದದ್ದು. ರಕ್ಷಣಾ ಖರೀದಿಗೆ 20 ಕೋಟಿ ಡಾಲರ್ ಸಾಲ ಕೊಡಲು ಭಾರತ ಒಪ್ಪಿತು. ನಾವು ಅಲ್ಲಿಂದ ತೈಲ ಕೊಳ್ಳುತ್ತೇವೆ. ಯಾರು ಬಂದರೂ ಈ ಸಂಬಂಧ ಕೆಡುವ ಹಾಗಿಲ್ಲ. ಯುನಿಟಾ ಬಂದರೂ ಭಾರತೀಯರ ಮೇಲೆ ದ್ವೇಷವೇನಿಲ್ಲ.

ನಿಮ್ಮ ತಮ್ಮನ ವಿಷಯಕ್ಕೆ ಬಂದರೆ, ನಾನು ಅಧ್ಯಕ್ಷ ಯಾರು ಎನ್ನುವುದಕ್ಕಿಂತ ಡೀಸೆಲ್ ಬೆಲೆ ಎಷ್ಟು ಎನ್ನುವುದನ್ನು ಗಮನಿಸಲು ಹೇಳುತ್ತೇನೆ. 2025ರ ಜುಲೈನಲ್ಲಿ ಡೀಸೆಲ್ ಲೀಟರ್‌ಗೆ 300ರಿಂದ 400 ಕ್ವಾಂಜಾ (ಅಲ್ಲಿನ ಹಣ) ಆಯಿತು. ಲುವಾಂಡ ಓಡುವುದೇ ನೀಲಿ ಬಿಳಿ ಬಣ್ಣದ ಮಿನಿಬಸ್ ಟ್ಯಾಕ್ಸಿಗಳ ಮೇಲೆ. ಅವರು ಜುಲೈ 28ರಿಂದ ಮೂರು ದಿನ ಮುಷ್ಕರಕ್ಕೆ ಕರೆ ಕೊಟ್ಟರು. ಮೊದಲ ದಿನವೇ ಗಲಾಟೆಯಾಗಿ ಅಂಗಡಿ, ಗೋದಾಮುಗಳ ಲೂಟಿ ಶುರುವಾಯಿತು. ಪೊಲೀಸರು ಗುಂಡು ಹಾರಿಸಿದರು. ಕನಿಷ್ಠ 30 ಜನ ಸತ್ತರು. ತೈಲ ಸಬ್ಸಿಡಿ ಇಳಿಸುತ್ತ ಹೋಗುವುದು ಸರ್ಕಾರದ ನೀತಿ. ಹಾಗಾಗಿ ಮತ್ತೆ ಬೆಲೆ ಏರುತ್ತದೆ. ಟ್ಯಾಕ್ಸಿಯವರ ಮುಷ್ಕರ ಎಂದು ಗೊತ್ತಾದ ದಿನ ಅಂಗಡಿ ಬಾಗಿಲು ಹಾಕಿ ಮನೆಯಲ್ಲಿರಲಿ. ನಷ್ಟವಾದರೂ ಪರವಾಗಿಲ್ಲ. ಲುವಾಂಡದ ಭಾರತೀಯ ರಾಯಭಾರ ಕಚೇರಿಯಲ್ಲಿ ಹೆಸರು, ಫೋನ್ ನಂಬರ್ ನೋಂದಾಯಿಸಿಕೊಂಡಿರಲಿ.

ಸಂಬಳವನ್ನು ಕ್ವಾಂಜಾದಲ್ಲಿ ಉಳಿಸಿಡಬೇಡ ಎಂದೂ ಹೇಳಿ. ಲೊರೆನ್ಸೊ ಬಂದಾಗ ಡಾಲರ್‌ಗೆ ಸುಮಾರು 166 ಕ್ವಾಂಜಾ ಇತ್ತು, 2025ಕ್ಕೆ 900 ದಾಟಿತ್ತು. ಕಳಿಸಬಹುದಾದ್ದನ್ನು ಬ್ಯಾಂಕಿನ ಮೂಲಕವೇ ಆಗಾಗ ಕಳಿಸುತ್ತಿರಲಿ. ಹಿಂದಿನ ಮೂರು ಚುನಾವಣೆಗಳೂ ಆಗಸ್ಟ್ ಕೊನೆಯಲ್ಲೇ ನಡೆದವು. 2027ರದ್ದೂ ಹಾಗೇ ಆದರೆ ಫಲಿತಾಂಶ ಮತ್ತು ಕೋರ್ಟಿನ ತಕರಾರು ಮುಗಿಯುವುದು ಸೆಪ್ಟೆಂಬರ್ ಮಧ್ಯಕ್ಕೆ. ಊರಿಗೆ ಬರುವ ರಜೆಯನ್ನು ಆ ಆಗಸ್ಟ್, ಸೆಪ್ಟೆಂಬರ್‌ಗೇ ಈಗಿನಿಂದ ಮಾಲೀಕರ ಹತ್ತಿರ ಕೇಳಿಟ್ಟುಕೊಂಡರೆ ಒಳ್ಳೆಯದು.